ಬಳ್ಳಾರಿಯ ಹಳೆಯ ವಿದ್ಯಾರ್ಥಿನಿಯರು

ಇನ್ನೂರು ವರ್ಷಗಳ ಹಿಂದಿನ ಮಾತು. 1823ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವರು ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿಯನ್ನು ಬರೆದು ಕಳುಹಿಸಿದರು. ಪ್ರಾಂತದ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ಅದರ ಹಿಂದಿನ ವರ್ಷವಷ್ಟೆ, ಯಾವ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಲೆಕ್ಕ ಕೇಳಿದ್ದರು. ಕ್ಯಾಂಬೆಲ್ ಸಾಹೇಬರು ಬರಿಯ ಕಂದಾಯದ ಅಧಿಕಾರಿಗಳಲ್ಲ. 1816ರಲ್ಲಿಯೇ ತೆಲುಗು ಭಾಷೆಗೆ ಒಂದು ವ್ಯಾಕರಣವನ್ನು ಬರೆದಿದ್ದವರು. ಆದುದರಿಂದಲೋ ಏನೋ, ಅವರ ವರದಿ ಅಂಕಿಗಳ ಪಟ್ಟಿಯಾಗಿ ಮುಗಿಯದೆ, ನಮ್ಮ ಕೂಲಿಮಠಗಳಲ್ಲಿ ಪಾಠ ಹೇಗೆ ನಡೆಯುತ್ತಿತ್ತೆಂಬುದನ್ನು ಕಣ್ಣಿಗೆ ಕಟ್ಟುವಂತೆ ತಿಳಿಸುತ್ತದೆ. ಮುಂದೆ ಹೋದ ಹುಡುಗರು ಹಿಂದುಳಿದವರಿಗೆ ಕಲಿಸುವ ಪದ್ಧತಿಯನ್ನು ಅವರು ಬಹುವಾಗಿ ಮೆಚ್ಚಿ ಬರೆದರು.

ಆಗಿನ ಬಳ್ಳಾರಿ ಜಿಲ್ಲೆ ಬಲು ದೊಡ್ಡದು. ಅನಂತಪುರ ಬೇರೆ ಜಿಲ್ಲೆಯಾದುದು 1882ರಲ್ಲಿ. ಅಲ್ಲಿಯವರೆಗೆ ಅದೂ ಬಳ್ಳಾರಿಯೇ. ಇಷ್ಟು ದೊಡ್ಡ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಮರಾಠಿ 23, ಪಾರಸಿ 21, ತಮಿಳು 4. ಇಂಗ್ಲಿಷು ಕಲಿಸುವುದು ಒಂದೇ ಒಂದು. ಈ 6,641 ಮಂದಿಯಲ್ಲಿ ಹುಡುಗಿಯರೆಷ್ಟು ಬಲ್ಲಿರಾ? ಅರವತ್ತು.

ಸುಮಾರು ಒಂಬತ್ತು ಶಾಲೆಗೆ ಒಬ್ಬಳು. ಅವರು ಯಾರು? ಯಾವ ಊರಿನವರು? ಸಿರುಗುಪ್ಪೆಯವರೋ, ಕುರುಗೋಡಿನವರೋ, ಬಳ್ಳಾರಿಯ ಕೋಟೆಯ ಬುಡದವರೋ? ಆ ಕಾಲದಲ್ಲಿ ಓದು ಬರೆಹ ಕಲಿಯುತ್ತಿದ್ದ ಹೆಣ್ಣುಮಕ್ಕಳು ಹೆಚ್ಚಾಗಿ ದೇವಾಲಯಗಳಲ್ಲಿ ಹಾಡಿ ಕುಣಿಯುವ ಮನೆತನಗಳವರೆಂದು ಮನ್ರೋ ಅವರು 1826ರ ತಮ್ಮ ಟಿಪ್ಪಣಿಯಲ್ಲಿ ಹೇಳಿದ್ದಾರೆ. ನಮ್ಮ ಅರವತ್ತು ಮಂದಿಯಲ್ಲಿಯೂ ಅಂಥವರಿದ್ದಿರಬಹುದು. ಆದರೆ ವರದಿಯಲ್ಲಿರುವುದು ಅಂಕಿ ಮಾತ್ರ, ಹೆಸರಿಲ್ಲ. ಬಳ್ಳಾರಿ ಸೀಮೆಯ ಲೆಕ್ಕಕ್ಕೆ ಸಿಕ್ಕ ಮೊದಲ ವಿದ್ಯಾರ್ಥಿನಿಯರು ಹೀಗೆ ಒಂದು ಸಂಖ್ಯೆಯಾಗಿ ನಿಂತುಬಿಟ್ಟರು.

ಇದನ್ನೇಕೆ ಇಷ್ಟು ದೂರದಿಂದ ತೆಗೆದೆನೆಂದರೆ, ಕಳೆದ ಕೆಲವು ವರ್ಷಗಳಿಂದ ನಮ್ಮ ಊರಿನ ಒಂದು ಬಾಲಿಕಾ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿನಿಯರನ್ನು ಒಂದೆಡೆ ಸೇರಿಸುವ ಕೆಲಸ ಈ ಕನ್ನಡ ಪಂಡಿತನ ಪಾಲಿಗೆ ಬಂದಿದೆ. ಹುಡುಗರ ಶಾಲೆಯಲ್ಲಾದರೆ ಇದು ಸುಲಭದ ಕೆಲಸ. ಲಂಡನ್ ಮಿಷನ್ನಿನವರು 1846ರಲ್ಲಿ ತೆರೆದ ವಾರ್ಡ್‌ಲಾ ಶಾಲೆಯನ್ನೇ ನೋಡಿ. ಅಂಥಲ್ಲಿ ಓದಿದ ಹುಡುಗ ಮುಂದೆ ವಕೀಲನೋ ವ್ಯಾಪಾರಿಯೋ ಆಗಿ ಇದೇ ಊರಿನಲ್ಲಿ ಅದೇ ಹೆಸರಿನಿಂದ ಬಾಳುತ್ತಾನೆ. ಬೋರ್ಡಿನ ಮೇಲೆ ಅವನ ಹೆಸರು, ಮನೆಯ ಬಾಗಿಲಲ್ಲಿ ಅವನ ಹೆಸರು. ಒಂದು ಕಾರ್ಡು ಬರೆದು ಹಾಕಿದರೆ ಅವನ ಕೈಗೇ ಮುಟ್ಟುತ್ತದೆ. ಹುಡುಗಿಯ ಸಂಗತಿ ಹಾಗಲ್ಲ. ಸೇರ್ಪಡೆಯ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರಿದೆ, ತಂದೆಯ ಊರಿದೆ. ಮದುವೆಯಾದೊಡನೆ ಎರಡೂ ಬದಲಾಗುತ್ತವೆ. ಕೆಲವು ಮನೆಗಳಲ್ಲಿ ಅಕ್ಕಿಯ ತಟ್ಟೆಯಲ್ಲಿ ಹೊಸ ಹೆಸರನ್ನು ಬರೆಸಿ ಮೊದಲಿನ ಹೆಸರನ್ನೂ ಕಳೆದುಬಿಡುತ್ತಾರೆ. ಆ ಮೇಲೆ ಅವಳನ್ನು ಹುಡುಕುವುದೆಂದರೆ ಹಳಗನ್ನಡ ಕಾವ್ಯದ ಲುಪ್ತವಾದ ಪದ್ಯವನ್ನು ಹುಡುಕಿದಂತೆಯೇ.

ಇದು ಸಾಮಾನ್ಯರಿಗೆ ಮಾತ್ರ ಬಂದ ಪಾಡೆಂದು ತಿಳಿಯಬೇಡಿ. ಕೊಡಗಿನ ಗೌರಮ್ಮನವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1912ರಲ್ಲಿ ಹುಟ್ಟಿ, 1939ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಹೋದ, ಕನ್ನಡದ ಮೊದಲ ಸಾಲಿನ ಕಥೆಗಾರ್ತಿ. ಅವರು ತಮ್ಮ ಕಥೆಗಳನ್ನು ಪ್ರಕಟಿಸಿದ್ದು ‘ಶ್ರೀಮತಿ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಅದು ಪತಿಯ ಹೆಸರು. ಅಂದು ಪತ್ರಿಕೆಯಲ್ಲಿ ಆ ಕಥೆಗಳನ್ನೋದಿದ ಅವರ ಬಾಲ್ಯದ ಗೆಳತಿಗೆ, ಇದು ನಮ್ಮ ಗೌರಿಯದೇ ಬರೆಹವೆಂದು ತಿಳಿಯುವ ಬಗೆ ಹೇಗೆ?

ನಮ್ಮ ಶಾಲೆಯ ಕಛೇರಿಯಲ್ಲಿ ಒಂದು ಹಳೆಯ ಗ್ರೂಪ್ ಫೋಟೋ ಇದೆ. 1952ರಲ್ಲಿ ತೆಗೆಸಿದ್ದು. ಮುಂದಿನ ಸಾಲಿನಲ್ಲಿ ಕುರ್ಚಿಗಳ ಮೇಲೆ ಮುಖ್ಯೋಪಾಧ್ಯಾಯಿನಿಯವರು, ಉಪಾಧ್ಯಾಯಿನಿಯರು, ಮೂಲೆಯಲ್ಲಿ ಪೇಟ ಸುತ್ತಿದ ಪಂಡಿತರೊಬ್ಬರು (ನಮ್ಮ ಕುಲದವರು ಯಾವಾಗಲೂ ಮೂಲೆಯಲ್ಲಿಯೇ). ಹಿಂದೆ ಮೂರು ಸಾಲುಗಳಲ್ಲಿ ಮೂವತ್ತೊಂದು ಹುಡುಗಿಯರು. ಅರ್ಧ ಸೀರೆ, ಎರಡು ಜಡೆ, ಕೆಲವರಿಗೆ ಕನ್ನಡಕ. ಕೆಳಗೆ ಅಂಟಿಸಿದ ರಟ್ಟಿನ ಮೇಲೆ ಕುಳಿತವರ ಹೆಸರುಗಳೆಲ್ಲ ಪದವಿಗಳ ಸಮೇತ ಅಚ್ಚಾಗಿವೆ. ನಿಂತ ಹುಡುಗಿಯರ ಹೆಸರು ಒಂದೂ ಇಲ್ಲ. ಆ ವರ್ಷದ ರಿಜಿಸ್ಟರನ್ನು ನೋಡೋಣವೆಂದರೆ ಅದರ ಬೆನ್ನು ಗೆದ್ದಲಿಗೆ ಆಹುತಿಯಾಗಿ, ಉಳಿದ ಹಾಳೆಗಳನ್ನು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಕ್ಯಾಂಬೆಲ್ ಸಾಹೇಬರು ಅರವತ್ತು ಎಂದರು. ನಾವು ಮೂವತ್ತೊಂದು ಎನ್ನಬೇಕು. ನೂರಮೂವತ್ತು ವರ್ಷಗಳಲ್ಲಿ ಆದ ಪ್ರಗತಿ ಇಷ್ಟೇ ಏನು ಎಂದು ಒಮ್ಮೊಮ್ಮೆ ಬೇಸರವಾಗುತ್ತದೆ.

ಆದರೆ ಆ ಫೋಟೋದಲ್ಲಿರುವುದು ಸಾಮಾನ್ಯ ತರಗತಿಯಲ್ಲ. 1952ರಲ್ಲಿ ಬಳ್ಳಾರಿಯ ಶಾಲೆಯೊಂದರ ಬೆಂಚಿನ ಮೇಲೆ ಯಾರು ಯಾರು ಕುಳಿತಿರುತ್ತಿದ್ದರೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಿ. ಊರು ಮದರಾಸು ಪ್ರಾಂತಕ್ಕೆ ಸೇರಿದ್ದು. ಆದುದರಿಂದ ತರಗತಿಗಳಿಗೆ ಫಾರಂ ಎಂದು ಹೆಸರು, ಆರನೆಯ ಫಾರಂ ಮುಗಿದರೆ ಎಸ್. ಎಸ್. ಎಲ್. ಸಿ. ಸೊಂಡೂರಿನಿಂದ ಬಂದ ಹುಡುಗಿ 1949ರವರೆಗೆ ಘೋರ್ಪಡೆ ಅರಸರ ಪ್ರಜೆ. ಸಿರುಗುಪ್ಪೆಯ ಹೊಳೆ ದಾಟಿದರೆ ರಾಯಚೂರು ಸೀಮೆ. ಅಲ್ಲಿಂದ ನಂಟರ ಮನೆಗೆ ಓದಲು ಬಂದವಳು 1948ರವರೆಗೆ ನಿಜಾಮರ ಪ್ರಜೆ. ಆದವಾನಿ, ಆಲೂರು, ರಾಯದುರ್ಗಗಳು ಇದೇ ಜಿಲ್ಲೆಯ ತಾಲ್ಲೂಕುಗಳಾದುದರಿಂದ ಅಲ್ಲಿನ ಹುಡುಗಿಯರಿಗೂ ದೊಡ್ಡ ಊರೆಂದರೆ ಬಳ್ಳಾರಿಯೇ. ಮನೆಮಾತು ಒಬ್ಬಳಿಗೆ ಕನ್ನಡ, ಒಬ್ಬಳಿಗೆ ತೆಲುಗು, ಇನ್ನೊಬ್ಬಳಿಗೆ ಉರ್ದು, ಮತ್ತೊಬ್ಬಳಿಗೆ ಮರಾಠಿ. ಆಟದ ಹೊತ್ತಿನಲ್ಲಿ ಎಲ್ಲವೂ ಕಲಸಿದ ಚಿತ್ರಾನ್ನ.

ಮರುವರ್ಷ ಗೆರೆ ಬಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋದವು. ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕು ಯಾರದೆಂಬ ವಿವಾದಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರನ್ನೇ ನೇಮಿಸಬೇಕಾಯಿತು. ಅವರು ಅದು ಮೈಸೂರಿಗೆ ಸಲ್ಲಬೇಕೆಂದರು. ಈ ಚರಿತ್ರೆಯನ್ನು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಹೋರಾಟ, ಸತ್ಯಾಗ್ರಹ, ವರದಿ, ಮೆರವಣಿಗೆ, ಎಲ್ಲವೂ ಪುಸ್ತಕದಲ್ಲಿವೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗಿಯರು ಬೇಸಗೆಯ ರಜೆಗೆ ಊರಿಗೆ ಹೋಗಿ, ಅನಂತರ ಎರಡು ರಾಜ್ಯಗಳ ಸೊಸೆಯರಾದರೆಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಹೇಳಬಲ್ಲವರು ಆ ಹುಡುಗಿಯರೇ. ಅಂದು ಐದನೆಯ ಫಾರಮ್ಮಿನಲ್ಲಿದ್ದವರಿಗೆ ಇಂದು ಎಂಬತ್ತೈದು ದಾಟಿದೆ. ನನ್ನ ಅವಸರಕ್ಕೆ ಕಾರಣ ಇಷ್ಟೇ.

ಹಳೆಯ ಗೆಳತಿಯರು ಕೂಡಿ ಉಂಡು ಹರಟಿ ಹೋಗುವುದರಲ್ಲಿ ಚರಿತ್ರೆಯೇನು ಬಂತು ಎಂದು ನೀವು ಕೇಳಬಹುದು. ನನ್ನ ಸಹೋದ್ಯೋಗಿಗಳೊಬ್ಬರು ಹಾಗೆಯೇ ಕೇಳಿದರು. ಹೆಣ್ಣುಮಕ್ಕಳ ಶಾಲೆಗಳ ನಂಟು ಹರಟೆಯಲ್ಲಿಯೇ ಮುಗಿಯಲಿಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಹೇಳುತ್ತೇನೆ.

ನಾವು ಮದರಾಸು ಪ್ರಾಂತದವರಾಗಿದ್ದೆವಷ್ಟೆ; ಮೊದಲಿನದು ಆ ಪಟ್ಟಣದ್ದೇ. ಸುಬ್ಬಲಕ್ಷ್ಮಿ ಎಂಬ ಬಾಲವಿಧವೆ ಛಲ ಹಿಡಿದು ಓದಿ 1911ರಲ್ಲಿ ಬಿ. ಎ. ಪದವಿ ಪಡೆದರು. ನಾಲ್ವರು ಬಾಲವಿಧವೆಯರನ್ನು ಮನೆಯಲ್ಲಿರಿಸಿಕೊಂಡು ಓದಿಸತೊಡಗಿದ ಇವರ ಆಶ್ರಮ ಬೆಳೆದು, ಕಡಲ ದಂಡೆಯಲ್ಲಿ ಐಸ್ ಹೌಸ್ ಎಂದು ಹೆಸರಾದ ದೊಡ್ಡ ಕಟ್ಟಡಕ್ಕೆ ಹೋಯಿತು. ಅಲ್ಲಿ ಓದಿ ತರಬೇತಿ ಹೊಂದಿದ ಹೆಂಗಸರು ಉಪಾಧ್ಯಾಯಿನಿಯರಾದರು. ಇದರ ಬೆಲೆ ತಿಳಿಯಬೇಕಾದರೆ ಆ ಕಾಲದ ತೊಡಕು ತಿಳಿದಿರಬೇಕು. ಗಂಡಸು ಕಲಿಸಿದರೆ ದೊಡ್ಡ ಹುಡುಗಿಯರನ್ನು ಶಾಲೆಗೆ ಕಳುಹಿಸರು. ಹೆಂಗಸು ಕಲಿಸಬೇಕೆಂದರೆ ಓದಿದ ಹೆಂಗಸಿಲ್ಲ. ಓದಿದ ಹೆಂಗಸು ಬೇಕೆಂದರೆ ಹುಡುಗಿಯರನ್ನು ಶಾಲೆಗೆ ಕಳುಹಿಸಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ನ್ಯಾಯ. ಸಮಾಜವು ಮೂಲೆಯಲ್ಲಿ ಕೂರಿಸಿದ ಬಾಲವಿಧವೆಯರಿಂದಲೇ ಈ ಗಂಟನ್ನು ಬಿಡಿಸಿದ್ದು ಸುಬ್ಬಲಕ್ಷ್ಮಿಯವರ ಜಾಣತನ. ಒಬ್ಬಳು ಓದಿ ಹೊರಟರೆ ಅವಳ ಹಿಂದೆ ಒಂದು ಶಾಲೆ ನಡೆಯುತ್ತಿತ್ತು. ಕನ್ನಡನಾಡಿನಲ್ಲಿಯೂ ಇದೇ ಹೊತ್ತಿಗೆ ಇಂಥ ಕೆಲಸ ಮೊದಲಾಯಿತು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1913ರಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು. 1921ರಲ್ಲಿ ‘ಸರಸ್ವತಿ’ ಎಂಬ ಮಾಸಪತ್ರಿಕೆಯನ್ನು ತೆರೆದು ನಾಲ್ಕು ದಶಕ ನಡೆಸಿದರು. ಅವರೂ ಬಾಲವಿಧವೆಯೇ. ಮನೆಯ ಹೊಸಿಲು ದಾಟಿ ಗೆಳತಿಯರನ್ನು ಕಾಣಲಾರದ ಹೆಂಗಸರಿಗೆ, ಟಪಾಲಿನವನು ತಿಂಗಳಿಗೊಮ್ಮೆ ತಂದು ಹಾಕುವ ಅಂಥ ಪತ್ರಿಕೆಯೇ ಸಮ್ಮೇಳನವಾಗಿತ್ತು ಎನ್ನಬೇಕು.

ಎರಡನೆಯದು ಇನ್ನೂ ಸ್ವಾರಸ್ಯವಾದುದು. 1926ರಲ್ಲಿ ಕಲ್ಕತ್ತೆಯ ಬೆಥ್ಯೂನ್ ಹೆಣ್ಣುಮಕ್ಕಳ ಕಾಲೇಜಿನ ಬಹುಮಾನ ವಿತರಣೆಯ ಸಭೆಯಲ್ಲಿ ಬಂಗಾಳದ ವಿದ್ಯಾ ಇಲಾಖೆಯ ನಿರ್ದೇಶಕರು ಮಾತನಾಡುತ್ತ, ಹೆಣ್ಣುಮಕ್ಕಳ ಓದು ಹೇಗಿರಬೇಕೆಂಬುದನ್ನು ಹೆಂಗಸರೇ ಒಂದೇ ದನಿಯಲ್ಲಿ ಹೇಳಲಿ ಎಂದರು. ಆ ಕಾಲೇಜಿನಲ್ಲಿ ಹಿಂದೆ ಪ್ರಿನ್ಸಿಪಾಲರಾಗಿದ್ದ ಮಹಿಳೆಯೊಬ್ಬರು ಈ ಮಾತನ್ನೆತ್ತಿಕೊಂಡು ಮದರಾಸಿನ ‘ಸ್ತ್ರೀ ಧರ್ಮ’ ಪತ್ರಿಕೆಗೆ ಬರೆದರು. ಅದನ್ನೋದಿದ ಮಾರ್ಗರೆಟ್ ಕಸಿನ್ಸ್ ಅವರು ಊರೂರಿನ ಸ್ತ್ರೀ ಸಮಾಜಗಳಿಗೆ ಕಾಗದ ಬರೆದರು. ಈ ಕಸಿನ್ಸ್ ಅವರು ನಮಗೆ ಹೊರಗಿನವರಲ್ಲ. ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿಗೆ 1919ರ ಸುಮಾರಿನಲ್ಲಿ ಮುಖ್ಯಸ್ಥೆಯಾಗಿದ್ದವರು. ಫಲವಾಗಿ 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸೇರಿತು. ಆ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು. ಮುಂದೆ ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆಗೆ ಈ ಪರಿಷತ್ತಿನವರು ಬೆನ್ನಾಗಿ ನಿಂತರು. 1930ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯಿದೆ ಹುಡುಗಿಯ ಮದುವೆಗೆ ಹದಿನಾಲ್ಕು ವರ್ಷವಾದರೂ ತುಂಬಿರಬೇಕೆಂದಿತು. ಹದಿನಾಲ್ಕೆಂದರೆ ಇಂದು ನಗುತ್ತೀರಿ. ಅಂದು ಅದು ಮೂರನೆಯ ಫಾರಮ್ಮಿನವರೆಗಾದರೂ ಓದಲು ದೊರೆತ ಅವಕಾಶ. ಒಂದು ಶಾಲೆಯ ಬಹುಮಾನದ ಸಭೆ, ಒಬ್ಬ ಹಳೆಯ ಪ್ರಿನ್ಸಿಪಾಲರ ಕಾಗದ: ಎಲ್ಲಿಂದ ಎಲ್ಲಿಗೆ ಎಳೆ ಹೋಯಿತು ನೋಡಿ.

ಈಗ ಮತ್ತೆ ನಮ್ಮ ಊರಿಗೆ ಬರೋಣ. ಮೊದಲ ಬಾರಿ ನಾವು ಸಮ್ಮೇಳನವನ್ನು ಜನವರಿಯಲ್ಲಿಟ್ಟೆವು. ಗಣರಾಜ್ಯೋತ್ಸವದ ಮರುದಿನ, ಶಾಮಿಯಾನ, ಕುರ್ಚಿ ಎಲ್ಲ ಇದ್ದೇ ಇರುತ್ತವೆ, ಖರ್ಚು ಉಳಿಯುತ್ತದೆ ಎಂಬುದು ಗಂಡಸರ ಲೆಕ್ಕಾಚಾರ. ನೂರು ಕುರ್ಚಿ ಹಾಕಿಸಿದೆವು. ಬಂದವರು ಹನ್ನೊಂದು ಮಂದಿ. ಅವರಲ್ಲಿ ಒಬ್ಬ ಅಜ್ಜಿ ನನ್ನನ್ನು ಬದಿಗೆ ಕರೆದು, “ಮೇಷ್ಟ್ರೇ, ನಿಮಗೆ ಅಕ್ಕತಂಗೇರಿಲ್ಲೇನು? ಹೆಣ್ಣುಮಕ್ಕಳನ್ನ ಕರೆಯೋದು ಪಂಚಮಿಗೆ. ಜನವರಿಯಾಗ ಯಾವ ಅತ್ತಿ ಸೊಸೀನ ಕಳಿಸ್ಯಾಳು?” ಎಂದರು. ನನಗೆ ತಲೆ ತಗ್ಗಿಸುವಂತಾಯಿತು. ನಮ್ಮ ಸೀಮೆಯಲ್ಲಿ ಶ್ರಾವಣದ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವುದು, ಜೋಕಾಲಿ ಜೀಕುವುದು, ಉಂಡಿ ಕಟ್ಟುವುದು ತಲೆತಲಾಂತರದ ವಾಡಿಕೆ. ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನ ಎಂಬ ದೊಡ್ಡ ಹೆಸರು ಹುಟ್ಟುವ ಮೊದಲೇ ಅದು ಪ್ರತಿ ವರ್ಷ ಬೇವಿನ ಮರದ ಜೋಕಾಲಿಯ ಕೆಳಗೆ ನಡೆಯುತ್ತಲೇ ಇತ್ತು. ನಮಗೆ ಕಾಣಲಿಲ್ಲ, ಅಷ್ಟೆ.

ಮುಂದಿನ ಸಲ ಪಂಚಮಿಯ ಮರುದಿನ ಕರೆದೆವು. ನಲವತ್ತಕ್ಕೂ ಹೆಚ್ಚು ಮಂದಿ ಬಂದರು. ಸೊಸೆಯರು, ಮೊಮ್ಮಕ್ಕಳು ಕೈಹಿಡಿದು ಕರೆತಂದಿದ್ದರು. ವಿಳಾಸ ಪತ್ತೆ ಮಾಡುವುದರಲ್ಲಿ ನಮಗೆ ರಿಜಿಸ್ಟರಿಗಿಂತ ಹೆಚ್ಚು ನೆರವಾದವರು ಬಳೆಗಾರರು. ಯಾವ ಮನೆಯ ಮಗಳು ಯಾವ ಊರಿಗೆ ಹೋದಳು, ಎಷ್ಟು ಮಕ್ಕಳು, ಈಗ ಯಾರ ಹತ್ತಿರ ಇದ್ದಾಳೆ ಎಂಬುದೆಲ್ಲ ಮುಪ್ಪಿನ ಬಳೆಗಾರನೊಬ್ಬನ ನಾಲಗೆಯ ತುದಿಯಲ್ಲಿತ್ತು. ಸಿರುಗುಪ್ಪೆಯ ಸುತ್ತಿನ ಏಳು ಮಂದಿಯನ್ನು ಅವನೊಬ್ಬನೇ ಹೇಳಿದ. ಹಾಂ, ಈಗಿನ ಹುಡುಗಿಯರಿಗೆ ಈ ಪಾಡಿಲ್ಲ. ಕೈಯಲ್ಲಿ ಫೋನಿದೆ, ವಾಟ್ಸಾಪಿನ ಬಳಗವಿದೆ. ಹತ್ತು ವರ್ಷ ಕಳೆದರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ. ಅವರ ಸಂಗತಿ ಅವರೇ ನೋಡಿಕೊಳ್ಳುತ್ತಾರೆ.

ಫೋಟೋವನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಕೊಟ್ಟೆವು. ಅಲ್ಲಿಯವರೆಗೆ “ನಮಸ್ಕಾರ್ರೀ, ಆರಾಮದೀರೇನ್ರೀ” ಎಂದು ಬಹುವಚನದಲ್ಲಿ ಮಾತಾಡುತ್ತಿದ್ದ ಅಜ್ಜಿಯರು ಒಮ್ಮೆಲೇ, “ಏನೇ, ನೀನಾ? ನೀ ನನ್ನ ಮಗ್ಗಿ ಪುಸ್ತಕ ಒಯ್ದಾಕಿ ಅಲ್ಲೇನೇ!” ಎಂದು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟರು. ಸಂಸ್ಕೃತದಲ್ಲಿ ಒಬ್ಬನೇ ಗುರುವಿನ ಬಳಿ ಓದಿದವರಿಗೆ ‘ಸತೀರ್ಥ್ಯ’ರೆಂಬ ಮಾತಿದೆ, ಒಂದೇ ತೀರ್ಥದವರು ಎಂದು. ಹಳಗನ್ನಡದಲ್ಲಿ ಗೆಳತಿಗೆ ‘ಕೆಳದಿ’ ಎನ್ನುತ್ತಾರೆ. ಇವನ್ನೆಲ್ಲ ಸೇರಿಸಿ ಒಂದು ಸ್ವಾಗತ ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದೆ. ಕೇಳುವವರಿದ್ದರೆ ತಾನೆ! ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೆಸರುಗಳನ್ನು ಬರೆದುಕೊಳ್ಳಲು ಕುಳಿತೆ.

ಆ ದಿನ ಕೇಳಿದ ಸಂಗತಿಗಳಲ್ಲಿ ಕೆಲವನ್ನಾದರೂ ಹೇಳಬೇಕು. ರಾಯದುರ್ಗದಿಂದ ಬಂದ ಒಬ್ಬರ ಮಾತೆಲ್ಲ ಅಚ್ಚ ಬಳ್ಳಾರಿ ಕನ್ನಡ. ಬರೆಯುವುದು ಮಾತ್ರ ತೆಲುಗು. ಮಕ್ಕಳನ್ನು ತೆಲುಗಿನಲ್ಲಿ ಓದಿಸುತ್ತ ತಾವೂ ಆ ಲಿಪಿಗೇ ಒಗ್ಗಿಹೋದರಂತೆ. ಗಡಿ ಬಿದ್ದ ಮೇಲೂ ಅವರ ಮೂರು ಹೆರಿಗೆಗಳಾದುದು ಬಳ್ಳಾರಿಯಲ್ಲಿಯೇ. ತವರು ಇಲ್ಲಿರಲಿಲ್ಲ, ದಾದಿಯಾಗಿದ್ದ ಸಹಪಾಠಿಯ ಮನೆಯೇ ತವರಾಗಿತ್ತು. ಇನ್ನೊಬ್ಬರು ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಎರಡು ಕೂಸುಗಳೊಡನೆ ದಿಕ್ಕುತೋಚದೆ ಕುಳಿತಿದ್ದಾಗ, ಶಾಲೆಯ ಹಳೆಯ ಉಪಾಧ್ಯಾಯಿನಿಯವರು ತಾವಾಗಿ ಕಾಗದ ಬರೆದು ಟ್ರೈನಿಂಗಿಗೆ ಸೇರಿಸಿದರು. ಮೂವತ್ತಮೂರು ವರ್ಷ ಅವರು ಹಳ್ಳಿಗಳಲ್ಲಿ ಪಾಠ ಹೇಳಿದರು. ಆ ಉಪಾಧ್ಯಾಯಿನಿಯೇ ಫೋಟೋದ ಮುಂದಿನ ಸಾಲಿನಲ್ಲಿ ಕುಳಿತವರು; ಅವರ ಹೆಸರು ಅಚ್ಚಾಗಿದೆ, ಅವರು ಮಾಡಿದ ಈ ಕೆಲಸ ಎಲ್ಲಿಯೂ ಅಚ್ಚಾಗಿರಲಿಲ್ಲ.

ಬಂದವರೆಲ್ಲ ಸುಖವಾಗಿ ಬಾಳಿದವರೆಂದು ನಾನು ಹೇಳಲಾರೆ. ಅಷ್ಟು ಚೆನ್ನಾಗಿ ಓದುತ್ತಿದ್ದವಳೊಬ್ಬಳನ್ನು ಪರೀಕ್ಷೆಗೆ ಎರಡು ತಿಂಗಳಿರುವಾಗ ಬಿಡಿಸಿ ಮದುವೆ ಮಾಡಿದರಂತೆ. ಈಗ ಎಂಬತ್ತಾರು ದಾಟಿದ ಆಕೆ, ತಮ್ಮ ಟಿ. ಸಿ. ಇನ್ನೂ ಶಾಲೆಯಲ್ಲಿಯೇ ಉಳಿದಿದೆಯೇ ಎಂದು ಕೇಳಿದರು. ಏನು ಮಾಡುತ್ತೀರಮ್ಮ ಎಂದೆ. “ನಂದಲ್ಲೇನು ಅದು? ಇದ್ದರ ಕೊಡ್ರಿ” ಎಂದರು. ಹುಡುಕಿಸುತ್ತೇನೆಂದು ಹೇಳಿ ಬಂದವನು, ಅರ್ಧ ಗೆದ್ದಲು ತಿಂದ ಕಟ್ಟಿನಲ್ಲಿ ಇನ್ನೂ ಹುಡುಕುತ್ತಲೇ ಇದ್ದೇನೆ.

1951ರ ಜನಗಣತಿಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. 2011ರಲ್ಲಿ ಬಳ್ಳಾರಿ ಜಿಲ್ಲೆಯೊಂದರಲ್ಲಿಯೇ ನೂರಕ್ಕೆ ಸುಮಾರು ಐವತ್ತೆಂಟು. ಈ ಎರಡು ಅಂಕಿಗಳ ನಡುವಿನ ಹಾದಿಯನ್ನು ಸವೆಸಿದವರಲ್ಲಿ ಈ ಮೂವತ್ತೊಂದು ಹುಡುಗಿಯರೂ ಸೇರಿದ್ದಾರೆ. ಅವರ ಹೆಸರುಗಳನ್ನು ಈಗ ಒಂದು ಹೊಸ ರಟ್ಟಿನ ಮೇಲೆ ಬರೆಸುತ್ತಿದ್ದೇವೆ. ಶಾಲೆಯಲ್ಲಿದ್ದ ಹೆಸರು, ಮದುವೆಯ ಮೇಲಿನ ಹೆಸರು, ಎರಡೂ. ಇಪ್ಪತ್ತೆರಡು ಹೆಸರುಗಳು ಸಿಕ್ಕಿವೆ. ಒಂಬತ್ತು ಉಳಿದಿವೆ. ನಿಮ್ಮ ಮನೆಯಲ್ಲಿ ರೇಡಿಯೋದ ಪಕ್ಕದಲ್ಲಿ ಕುಳಿತು ಕೇಳುವ ಅಜ್ಜಿಯೊಬ್ಬರು ಬಳ್ಳಾರಿಯಲ್ಲಿ ಓದಿದವರಿದ್ದರೆ, ಯಾವ ಶಾಲೆ, ಯಾವ ಫಾರಂ, ಪಕ್ಕದಲ್ಲಿ ಯಾರು ಕೂರುತ್ತಿದ್ದರು ಎಂದು ಒಮ್ಮೆ ಕೇಳಿ ಬರೆದಿಡಿ.

ಮೂರನೆಯ ಸಾಲಿನ ಬಲತುದಿಯಲ್ಲಿ, ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿದ ಹುಡುಗಿಯೊಬ್ಬಳಿದ್ದಾಳೆ. ತಲೆಯ ತುಂಬ ಕನಕಾಂಬರ. ಅವಳನ್ನು ಯಾರೂ ಗುರುತಿಸಲಿಲ್ಲ. ಹೊರಡುವಾಗ ರಾಯದುರ್ಗದ ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು ನೆನೆದು, ಅವಳು ಕುರುಗೋಡಿನವಳಿರಬೇಕು, ಅವಳಪ್ಪ ಶನಿವಾರ ಬಂಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದ ಎಂದರು. ಈ ಪಂಚಮಿಗೆ ಫೋಟೋವನ್ನು ತೆಗೆದುಕೊಂಡು ಕುರುಗೋಡಿಗೆ ಹೋಗುವವನಿದ್ದೇನೆ.